ಒಂದರಿಂದ ಎರಡರ ತನಕ

ಹಳಿಯಾಳ ರಸ್ತೆಯ ಬಸ್‌ಸ್ಟಾಪಿನಲ್ಲಿ ಶಿವಗಂಗವ್ವ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಮರದ ನೆರಳಲ್ಲಿ ಆ ಊರಿನ ಇಬ್ಬರು ಹೆಂಗಸರು ಹಳೇ ಬಟ್ಟೆ ತುಂಡುಗಳ ಒಂದೇ ಕೌದಿ ಹೊಲಿಯುತ್ತ ಕುಳಿತಿದ್ದರು. ಕಿರಿಯಳದು ಮನೆಯಿಂದಲೇ ಮಾಡುವ ಕಂಪನಿ ಕೆಲಸವೆಂದು ಅವರ ಮಾತಿನಲ್ಲೇ ತಿಳಿಯಿತು.

"ಜೆನಿಫರ್, ದಿನಾ ಕಂಪ್ಯೂಟರ್ ಮೌಸಿಗೆ ದಾರ ಕಟ್ಟಿ ಅತ್ತಿತ್ತ ತಿರುಗೋ ಟೇಬಲ್ ಫ್ಯಾನಿಗೆ ಬಿಗದು ಬರ್ತಿದ್ದಿಯಲ್ಲ, ಇವತ್ತೂ ಕಟ್ಟಿ ಬಂದೀಯಿಲ್ಲೋ?"

"ಇಲ್ಲ ಬಿಬಿಜಾನ್ ಮೌಶಿ, ದಾರ ಬಿಚ್ಚಿ ಒಗದೆ."

"ಹುಚ್ಚಿ! ಮೌಸ್ ಅಲುಗದಿದ್ರ ನೀ ಎದ್ದು ಹೋಗಿದ್ದು ಸಾಹೇಬಗ ಗೊತ್ತಾಗತೈತಿ."

"ಗೊತ್ತಾಗ್ಲಿ. ಒಂದರಿಂದ ಎರಡರ ತನಕ ಕೌದಿ ಹೊಲೀತೇನಿ ಅಂತ ನಾನ ಬರದು ಕಳಿಸೇನಿ. ನನ್ನ ಊಟದ ತಾಸು ನಾ ಯಾಕ ಕದೀಬೇಕು?"

"ನೌಕರಿ ಹೋದ್ರ?"

"ಇನ್ನೊಂದು ಹುಡಕ್ತೇನಿ. ಕುಂತು ಕುಂತು ಕುತ್ತಿಗಿ ಹೋದ್ರ?"

ಫೋನು ಬಡಿದುಕೊಂಡಿತು.

"ಬಂತು ನೋಡು, ನಿನ್ನ ಸಾಹೇಬಂದ!"

ಜೆನಿಫರ್ ಎತ್ತಿದಳು. "ಸರ್, ಇನ್ನೂ ಹದಿನೈದು ನಿಮಿಷ ಐತ್ರಿ. ಕೌದಿ ಮೂಲಿಗೆ ಬಟ್ಟಿ ಹೂವು ಹಚ್ಚಾಕತ್ತೇನಿ. ಹೂವಿಲ್ಲದ ಕೌದಿ ನಮ್ಮೊಳಗ ಯಾರಿಗೂ ಕೊಡಂಗಿಲ್ರಿ."

ಬಿಬಿಜಾನ್ ಸೆರಗು ಕಚ್ಚಿಕೊಂಡು ನಕ್ಕಳು.

ಹೂವು ಮುಗಿಸಿ, ಕೌದಿ ಮಡಚಿ ಇಬ್ಬರೂ ಮನೆಯ ದಾರಿ ಹಿಡಿದರು. ಎರಡಾಗಲು ಇನ್ನೂ ಐದು ನಿಮಿಷವಿತ್ತು. ಫೋನು ಮತ್ತೆ ಬಡಿದುಕೊಂಡಿದ್ದು ಶಿವಗಂಗವ್ವನಿಗೂ ಕೇಳಿಸಿತು. ಜೆನಿಫರ್ ಹೆಜ್ಜೆ ಬಿರುಸು ಮಾಡಲಿಲ್ಲ.