ನಾನು ಸತ್ತ ದೃಶ್ಯ ಚೆನ್ನಾಗಿತ್ತಂತೆ

ಬಹಳ ಹೊತ್ತಿನಿಂದ ಗಡಿಯಾರವನ್ನೇ ನೋಡುತ್ತಿರುವ ಅಧ್ಯಕ್ಷರೇ, ಈ ಸಿನಿಮಾಕ್ಕೆ ಹಣ ಹಾಕಿ ಅದಕ್ಕಿಂತ ಹೆಚ್ಚು ಧೈರ್ಯ ಹಾಕಿದ ನಿರ್ಮಾಪಕರೇ, ನನ್ನನ್ನು ಕೊಂದ ನಿರ್ದೇಶಕರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿದ ಗಣ್ಯರೇ, ಸಿಗದೆ ಕೆಳಗೆ ಕೂತಿರುವ ಇನ್ನೂ ಹೆಚ್ಚಿನ ಗಣ್ಯರೇ, ಸಭಿಕರೇ,

ಇವತ್ತಿನ ಕಾರ್ಯಕ್ರಮದ ಹೆಸರು ‘ಪ್ರೇಕ್ಷಕರ ಅಭಿಪ್ರಾಯ’. ನನಗಿಂತ ಮೊದಲು ಮಾತನಾಡಿದ ಮೂವರೂ ಒಂದೇ ಮಾತು ಹೇಳಿದರು. ಬಂಡಾಯಗಾರ ಸಾಹಿತಿಗಳ ಈ ಕಥೆಯಲ್ಲಿ ತಮ್ಮ ಮನಸ್ಸನ್ನು ಕಲಕಿದ್ದು ‘ಮುಳ್ಳು’ ಎಂಬ ಕವಿ ಸಾಯುವ ದೃಶ್ಯವಂತೆ. ಒಬ್ಬರು ಇಲ್ಲೇ ಕಣ್ಣೊರೆಸಿಕೊಂಡರು. ಅವರಲ್ಲಿ ಕ್ಷಮೆ ಕೇಳುತ್ತೇನೆ. ಆ ಮುಳ್ಳು ನಾನೇ. ಆರೋಗ್ಯವಾಗಿದ್ದೇನೆ. ಮೊಣಕಾಲು ಸ್ವಲ್ಪ ನೋವು, ಅಷ್ಟೇ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಮೂವರಿದ್ದೆವು. ಗಡ್ಡ, ಕಿಡಿ, ಮುಳ್ಳು. ಗಡ್ಡನ ಗಡ್ಡ ನಿಜವಾದದ್ದು. ಕಿಡಿ ಎಂದರೆ ಕವಿತೆ ಬರೆಯುತ್ತಿದ್ದ ಹುಡುಗಿ. ಬೈಗುಳವನ್ನೂ ಛಂದಸ್ಸಿನಲ್ಲೇ ಬೈಯುತ್ತಿದ್ದಳು. ಒಂದು ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕೂತು ಪತ್ರಿಕೆ ತರುತ್ತಿದ್ದೆವು. ಹಿರಿಯ ಸಾಹಿತಿಗಳನ್ನೆಲ್ಲ ಹರಿದು ಹಾಕುತ್ತಿದ್ದೆವು. ಅವರಲ್ಲಿ ಯಾರೂ ನಮ್ಮ ಪತ್ರಿಕೆ ಓದುತ್ತಿರಲಿಲ್ಲವಾದ್ದರಿಂದ ಎಲ್ಲವೂ ಸುಖವಾಗಿ ನಡೆಯಿತು. ಸಿನಿಮಾದಲ್ಲಿ ನಾವು ಸಮ್ಮೇಳನಕ್ಕೆ ನುಗ್ಗಿ ಕುರ್ಚಿ ಎಸೆಯುತ್ತೇವೆ. ಕುರ್ಚಿ ಎಸೆದದ್ದುಂಟೇ? ಆ ಸಭೆಯಲ್ಲಿ ನಮಗೆ ಕೂರಲಿಕ್ಕೇ ಕುರ್ಚಿ ಸಿಕ್ಕಿರಲಿಲ್ಲ! ಗೋಡೆಗೊರಗಿ ನಿಂತು, ಕಾಫಿ ಕುಡಿದು, ವಾಪಸು ಬಂದೆವು. ಆಮೇಲೆ ಬಂದ ಸಂಚಿಕೆಯಲ್ಲಿ ‘ನಾವು ಸಭೆಯನ್ನು ಬಹಿಷ್ಕರಿಸಿದೆವು’ ಎಂದು ಗಡ್ಡ ಬರೆದ.

ನಿರ್ದೇಶಕರು ನನ್ನ ಒಪ್ಪಿಗೆ ಕೇಳಲು ಬಂದಾಗ, “ಸರ್, ಕಥೆಗೋಸ್ಕರ ಒಂದಿಷ್ಟು ಸ್ವಾತಂತ್ರ್ಯ ತಗೋತೀವಿ” ಎಂದಿದ್ದರು. ಧಾರಾಳವಾಗಿ ತಗೊಳ್ಳಿ ಎಂದೆ. ಆ ಸ್ವಾತಂತ್ರ್ಯ ನನ್ನ ಪ್ರಾಣ ಎಂದು ನನಗೇನು ಗೊತ್ತು? ಆಮೇಲೆ ಕೇಳಿದ್ದಕ್ಕೆ ಅವರ ಉತ್ತರ ನೋಡಿ: “ಮೂವರಲ್ಲಿ ಒಬ್ಬರಾದ್ರೂ ಸಾಯ್ಲೇಬೇಕು ಸರ್, ಇಲ್ಲಾಂದ್ರೆ ಸೆಕೆಂಡ್ ಹಾಫ್ ನಿಲ್ಲಲ್ಲ. ಗಡ್ಡದವರ ಮಗನೇ ಪ್ರೊಡ್ಯೂಸರ್. ಮೇಡಂ ಹೀರೋಯಿನ್. ಉಳಿದಿದ್ದು ನೀವೊಬ್ರೇ.” ಗಡ್ಡ ನಿಜವಾಗಿ ತೀರಿಕೊಂಡು ಎಷ್ಟೋ ಕಾಲವಾಯಿತು. ಸಿನಿಮಾದಲ್ಲಿ ಅವನು ಕೊನೆಯವರೆಗೂ ಕುದುರೆಯ ಹಾಗಿದ್ದಾನೆ. ಬದುಕಿರುವ ನಾನು ಕೆಮ್ಮಿ ಕೆಮ್ಮಿ, ಅಚ್ಚಿನ ಯಂತ್ರದ ಮೇಲೆ ಬಿದ್ದು ಸಾಯುತ್ತೇನೆ. ನ್ಯಾಯ ಎಲ್ಲಿದೆ?

ಮೊದಲ ದಿನವೇ ಹೆಂಡತಿಯನ್ನು ಕರೆದುಕೊಂಡು ಹೋದೆ. ನಾನು ಸತ್ತಾಗ ಇಡೀ ಚಿತ್ರಮಂದಿರ ಮೂಗು ಸೀಟಿತು. ಆಟ ಮುಗಿದ ಮೇಲೆ ಕೈ ತೊಳೆಯುವಲ್ಲಿ ಒಬ್ಬರು, “ಸತ್ತವನೇ ಚೆನ್ನಾಗಿ ಮಾಡಿದ್ದ. ಆ ಗಡ್ಡದವನದ್ದು ವಿಪರೀತ ಬೋರು” ಎಂದರು. ನಿರ್ಮಾಪಕರು ಕ್ಷಮಿಸಬೇಕು, ಇದು ಪ್ರೇಕ್ಷಕರ ಅಭಿಪ್ರಾಯ. ಹೊರಬಾಗಿಲ ಹತ್ತಿರ ಒಬ್ಬ ಹೆಂಗಸು ತನ್ನ ಅಕ್ಕನಿಗೆ ಹೇಳುತ್ತಿದ್ದಳು: “ಪಾಪ, ಬದುಕಿದ್ದಿದ್ರೆ ಎಂಥೆಂಥಾ ಕವಿತೆ ಬರೀತಿದ್ನೋ ಏನೋ!”

ಸಭಿಕರೇ, ಬದುಕಿದ್ದಾನಮ್ಮಾ ಎಂದು ಹೇಳಲು ಬಾಯಿ ತೆರೆದೆ. ಏನು ಬರೆದ ಎಂದು ಆಕೆ ಕೇಳಿದ್ದರೆ? ನಾನು ಕನ್ನಡಕದ ಅಂಗಡಿ ಇಟ್ಟೆ. ಒಳ್ಳೆಯ ಅಂಗಡಿ. ಈ ಸಭೆಯಲ್ಲಿ ನನ್ನನ್ನು ಸ್ಪಷ್ಟವಾಗಿ ನೋಡುತ್ತಿರುವವರಲ್ಲಿ ಕೆಲವರಾದರೂ ನನ್ನ ಗಾಜಿನ ಮೂಲಕವೇ ನೋಡುತ್ತಿದ್ದೀರಿ. ಆದರೆ ಅಂಗಡಿ ಇಟ್ಟ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಮನೆಯ ಬೀಗ ತೆಗೆಯುವಾಗ ಹೆಂಡತಿ ಹೇಳಿದಳು: “ಸಿನಿಮಾದಲ್ಲಿ ನಿಮಗೆ ಮದುವೇನೇ ಆಗ್ಲಿಲ್ಲ. ಆ ಕಿಡಿ ಹೆಸರು ಹೇಳ್ಕೊಂಡೇ ಸತ್ರಿ.”

“ಅದು ನಾನಲ್ಲ ಕಣೇ, ಅವನು ನಟ” ಎಂದೆ.

“ಅವನಿಗೆ ಹೇಳ್ಕೊಟ್ಟಿದ್ದು ಯಾರು?”

ನಾನು ಬೇರೆ ವಿಷಯ ತೆಗೆದೆ. ಈಗಲೂ ತೆಗೆಯುತ್ತೇನೆ.

ಒಂದು ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ಎತ್ತಿದರೆ ಹೆಂಗಸಿನ ದನಿ, ನಡುಗುತ್ತಿದೆ. “ಮುಳ್ಳು ಅವರ ಮನೆಯಲ್ವಾ? ನೀವು ಅವರ ತಮ್ಮನಾ? ದನಿ ಹಾಗೇ ಇದೆ. ಈಗಷ್ಟೇ ಟೀವೀಲಿ ಕೇಳಿದೆ. ಜನ ಥಿಯೇಟರಿಂದ ಅಳ್ತಾ ಬರ್ತಿದ್ರು, ಅಂಥ ಕವಿ ಹೋಗ್ಬಿಟ್ರಲ್ಲಾ ಅಂತ. ನನಗೆ ಯಾರೂ ತಿಳಿಸಲೇ ಇಲ್ಲ!”

ಕಿಡಿ. ದೂರದ ಊರಿಗೆ ಹೋಗಿ ನೆಲೆಸಿದವಳು. ನಾನು ಅಂಗಡಿ ತೆರೆದ ದಿನ ಬಂದು, “ಇನ್ಮೇಲೆ ಬೇರೆಯವರ ಕಣ್ಣು ನೋಡ್ಕೊಂಡು ಕೂತಿರು” ಎಂದು ಹೋದವಳು ಮತ್ತೆ ಮಾತಾಡಿರಲಿಲ್ಲ. ನಾನೂ ಆಡಿರಲಿಲ್ಲ. ಇಬ್ಬರಿಗೂ ಜಂಬ. ಬಂಡಾಯ ಹೋದರೂ ಜಂಬ ಹೋಗುವುದಿಲ್ಲ, ನೋಡಿ.

ಸತ್ತಿಲ್ಲ ಎಂದು ಆಗಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಅವಳು ನನ್ನನ್ನು ಹೊಗಳಲು ಶುರು ಮಾಡಿದ್ದಳು. “ನಮ್ಮ ಮೂವರಲ್ಲಿ ನಿಜವಾದ ಕವಿ ಅಂದ್ರೆ ಅವನೊಬ್ಬನೇ” ಎಂದಳು. ಈ ಸಭೆಯಲ್ಲಿ ಇಷ್ಟು ಜನ ಸಾಹಿತಿಗಳಿದ್ದೀರಿ. ನಿಮ್ಮಲ್ಲಿ ಯಾರು ಅಡ್ಡ ಬಾಯಿ ಹಾಕುತ್ತಿದ್ದಿರಿ, ಕೈ ಎತ್ತಿ ನೋಡೋಣ! ಹೂಂ, ಹೂಂ ಎನ್ನುತ್ತಾ ಕೇಳಿದೆ. ಸುಖವಾಗಿತ್ತು. ಅಷ್ಟರಲ್ಲಿ ಅವಳು ಮೂಗೊರೆಸಿಕೊಂಡು ಹೇಳಿದಳು: “ಅವನ ಎರಡನೇ ಸಂಕಲನ ಮಾತ್ರ ಬರೀ ಹೊಟ್ಟು, ಪಾಪ.”

“ಯಾವ ಕವಿತೆ ಹೊಟ್ಟು? ಒಂದನ್ನ ತೋರ್ಸು ನೋಡೋಣ!” ಎಂದು ಕೂಗಿಬಿಟ್ಟೆ.

ಆ ಕಡೆ ಫೋನು ಕೆಳಗೆ ಬಿದ್ದ ಸದ್ದು. ಆಮೇಲೆ, “ಲೋ ಕತ್ತೆ, ಬದುಕಿದ್ದೀಯಾ?” ಎಂದಳು. ಬೈದಳು, ಅತ್ತಳು, ಮತ್ತೆ ಬೈದಳು. ಛಂದಸ್ಸು ತಪ್ಪಲಿಲ್ಲ.

ಮುಂದಿನ ವಾರವೇ ಹೊರಟು ಬಂದಳು. ಬಾಗಿಲು ತೆರೆದವಳು ನನ್ನ ಹೆಂಡತಿ. ಇಬ್ಬರೂ ಒಬ್ಬರನ್ನೊಬ್ಬರು ತಲೆಯಿಂದ ಕಾಲಿನವರೆಗೆ ನೋಡಿಕೊಂಡರು. “ಸಿನಿಮಾದಲ್ಲಿ ನೀವಿನ್ನೂ ಎತ್ತರ ಇದ್ರಿ” ಎಂದಳು ನನ್ನ ಹೆಂಡತಿ. “ಸಿನಿಮಾದಲ್ಲಿ ನೀವು ಇಲ್ಲವೇ ಇಲ್ವಂತಲ್ಲ” ಎಂದಳು ಕಿಡಿ. ಇಬ್ಬರೂ ನಕ್ಕರು. ಆ ನಗುವಿನಲ್ಲಿ ನನಗೆ ಜಾಗವಿರಲಿಲ್ಲ.

ಮೂವರೂ ಸಿನಿಮಾಕ್ಕೆ ಹೋದೆವು. ಹೆಂಡತಿಯೇ ಟಿಕೆಟ್ ತಂದಳು, ಅವಳೇ ನಡುವೆ ಕೂತಳು. ಕಿಡಿ ಮೊದಲರ್ಧ ಸುಮ್ಮನಿದ್ದಳು. ಆಮೇಲೆ ಬಂತು ನೋಡಿ, ನಾಯಕಿ ಪ್ರೀತಿಗಾಗಿ ತನ್ನ ಕವಿತೆಗಳನ್ನೆಲ್ಲ ಒಲೆಗೆ ಹಾಕುವ ದೃಶ್ಯ. ಹಿನ್ನೆಲೆಯಲ್ಲಿ ಪಿಟೀಲು. ಕಿಡಿ ಎದ್ದು ನಿಂತಳು. “ಸುಳ್ಳು! ನಾನು ಸುಟ್ಟಿಲ್ಲ! ನಾನು ಸುಡೋಳೇ ಅಲ್ಲ!”

ಹಿಂದಿನವರು ಕೂತ್ಕೊಳ್ರೀ ಎಂದರು. ಅವಳು ಕೂರಲಿಲ್ಲ. ಅವಳೊಬ್ಬಳೇ ನಿಂತಿದ್ದಾಳಲ್ಲ ಎಂದು ನಾನೂ ಎದ್ದೆ. “ಹೌದು, ಸುಳ್ಳು! ನಾನೇ ಮುಳ್ಳು, ನಾನೂ ಸತ್ತಿಲ್ಲ!” ಎಂದೆ.

“ಅಯ್ಯೋ, ಕಥೆ ಹೇಳ್ಬಿಟ್ರು!” ಎಂದು ಇಡೀ ಸಾಲು ಕಿರುಚಿತು. ಅದುವರೆಗೆ ಸಿಟ್ಟು ಬರದವರಿಗೂ ಸಿಟ್ಟು ಬಂತು. ಟಾರ್ಚು ಹಿಡಿದವನು ಓಡಿ ಬಂದು ಯಾರು ನೀವು ಎಂದ. ನಾವು ಪರದೆಯತ್ತ ಬೆರಳು ತೋರಿಸಿ, “ಅವರೇ ನಾವು” ಎಂದೆವು. ಅವನು ನಮ್ಮ ಮುಖಕ್ಕೆ ಟಾರ್ಚು ಬಿಟ್ಟ, ಪರದೆ ನೋಡಿದ, ಮತ್ತೆ ನಮ್ಮ ಮುಖ ನೋಡಿದ. “ಕುಡಿದಿದ್ದೀರಾ?” ಎಂದ. ಮರ್ಯಾದೆಯಿಂದಲೇ ತೋಳು ಹಿಡಿದು ಹೊರಗೆ ಬಿಟ್ಟ. ಬಾಗಿಲು ಮುಚ್ಚುವ ಮುಂಚೆ ಒಬ್ಬ ಯಜಮಾನರು ಕೂಗಿದ್ದು ಕೇಳಿಸಿತು: “ಇಷ್ಟು ವಯಸ್ಸಾಗಿದೆ, ಸಂಸ್ಕಾರ ಇಲ್ಲ. ಪರದೆ ಮೇಲಿರೋ ಆ ಮಹನೀಯರನ್ನ ನೋಡಿಯಾದ್ರೂ ಕಲೀಬಾರ್ದಾ!”

ಸಭಿಕರೇ, ನಮ್ಮ ಇಡೀ ಬಂಡಾಯದ ಕಾಲದಲ್ಲಿ ನಮ್ಮನ್ನು ಯಾರೂ ಎಲ್ಲಿಂದಲೂ ಹೊರಹಾಕಿರಲಿಲ್ಲ. ಆ ಭಾಗ್ಯ ನಿಮ್ಮ ಸಿನಿಮಾದಿಂದ ಬಂತು.

ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಇಳಿದ ಮೇಲೆ ಕಿಡಿ ಕೇಳಿದಳು: “ಹೇಗೆ ಸಾಯ್ತೀಯಾ ಅದ್ರಲ್ಲಿ?”

“ನಿನ್ನ ಹೆಸರು ಹೇಳ್ತಾ.”

ಅವಳು ರಸ್ತೆ ನೋಡಿದಳು. ವಾಹನಗಳು ಹೋಗುತ್ತಿದ್ದವು. “ಎಲ್ಲಾ ಸುಳ್ಳು ತೋರಿಸ್ತಾರೆ, ಅಲ್ವಾ?” ಎಂದಳು.

“ಎಲ್ಲಾ ಅಂದ್ರೆ... ಬಹಳಷ್ಟು” ಎಂದೆ.

ಸ್ವಲ್ಪ ನೀರು ಕೊಡಿ. ಥ್ಯಾಂಕ್ಸ್.

ನನ್ನ ಹೆಂಡತಿ ನಮ್ಮ ಜೊತೆ ಹೊರಬಂದಿರಲಿಲ್ಲ. ಪೂರ್ತಿ ನೋಡಿಕೊಂಡೇ ಬಂದಳು. ಕಣ್ಣು ಕೆಂಪಗಿತ್ತು. “ಈ ಸಲ ಇನ್ನೂ ಚೆನ್ನಾಗಿ ಸತ್ರಿ” ಎಂದಳು. ಆಮೇಲೆ ಕಿಡಿಯ ಪಕ್ಕದಲ್ಲಿ ಕೂತು ಹೇಳಿದಳು: “ನಾನು ಮದುವೆಯಾಗಿ ಬಂದಾಗಿನಿಂದ ಇವರು ಒಂದಕ್ಷರ ಬರೆದಿಲ್ಲ. ನಿಮ್ಮ ಜೊತೆ ಇದ್ದಾಗ ಬರೀತಿದ್ರಂತೆ. ನನ್ನಿಂದಲೇ ನಿಂತೋಯ್ತೇನೋ ಅಂತ ಎಷ್ಟು ಸಲ ಅಂದ್ಕೊಂಡಿದ್ದೀನಿ ಗೊತ್ತಾ?”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ಕಿಡಿ ಅವಳ ಕೈ ಹಿಡಿದು ಹೇಳಿದಳು: “ನಿಮ್ಮಿಂದ ಅಲ್ಲಮ್ಮಾ. ಎರಡನೇ ಸಂಕಲನ ಓದಿ. ಅಷ್ಟರಲ್ಲೇ ನಿಂತೋಗಿತ್ತು.”

ನನ್ನ ಹೆಂಡತಿ ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಕ್ಕಳು. ಅಷ್ಟು ನಕ್ಕದ್ದನ್ನು ನಾನು ನೋಡಿದ್ದೇ ಇಲ್ಲ.

ಕಿಡಿ ತನ್ನ ಊರಿಗೆ ಹೋಗಿದ್ದಾಳೆ. ಈಗ ಫೋನಿನಲ್ಲಿ ಜಗಳ ನಡೆಯುತ್ತದೆ, ಹೆಚ್ಚಾಗಿ ಅವಳೂ ನನ್ನ ಹೆಂಡತಿಯೂ ಇಬ್ಬರೇ ಮಾತಾಡುತ್ತಾರೆ. ಕಳೆದ ತಿಂಗಳು ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನೊಂದು ಕವಿತೆ ಬರೆದೆ. ಮೆಟ್ಟಿಲ ಮೇಲೆ ನಗುತ್ತಿರುವ ಒಬ್ಬ ಹೆಂಗಸಿನ ಮೇಲೆ. ಕಿಡಿಗೆ ಇನ್ನೂ ತೋರಿಸಿಲ್ಲ. ಮೊದಲು ಕೇಳಿದವಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಎರಡು ಸಲ ಓದಿಸಿ ಕೇಳಿದಳು. “ಚೆನ್ನಾಗಿದೆ, ಕೊನೆ ಮಾತ್ರ ಉದ್ದ ಆಯ್ತು” ಎಂದಳು. ಈಗಲೂ ಅಲ್ಲಿಂದ ಅದನ್ನೇ ಸನ್ನೆ ಮಾಡುತ್ತಿದ್ದಾಳೆ.

ಕೊಂದವರಿಗೂ, ಅತ್ತವರಿಗೂ, ಹೊರಗೆ ಹಾಕಿದವರಿಗೂ ನನ್ನ ಮನಸಾರೆ ವಂದನೆಗಳು. ನಮಸ್ಕಾರ.