ನೋಡೋಕೆ ಮಾತ್ರ

ಕಂಪ್ಯೂಟರ್ ಅಂಗಡಿಯಲ್ಲಿ ಕೆಟ್ಟ ಚಾರ್ಜರ್ ಹಿಡಿದು ನಿಂತಿದ್ದ ಟೈಲರಮ್ಮನ ಮುಂದೆ ಒಬ್ಬ ಮಗಳು, ಅವಳಪ್ಪ. ಮನೆಮಂದಿಯ ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಕೂಡಿಡುವ ಪೆಟ್ಟಿಗೆ ಆರಿಸುತ್ತಿದ್ದರು.

“ಇದರಲ್ಲಿ ಎರಡು ಡಿಸ್ಕ್ ಇದೆ. ಒಂದು ಕೆಟ್ರೂ ಇನ್ನೊಂದರಲ್ಲಿ ಎಲ್ಲ ಇರುತ್ತೆ,” ಎಂದ ಅಂಗಡಿಯವನು.

“ಯಾರಾದ್ರೂ ಅಳಿಸಿಬಿಟ್ರೆ?” ಮಗಳು ಕೇಳಿದಳು.

“ಎರಡರಲ್ಲೂ ಹೋಗುತ್ತೆ. ಬೇಕಾದ್ರೆ ಕೆಲವರಿಗೆ ನೋಡೋಕೆ ಮಾತ್ರ ಬಿಡಬಹುದು. ಯಾರಿಗೆ ಹಾಗೆ ಮಾಡ್ಬೇಕು?”

“ಮನೇಲಿ ಪುಟ್ಟ ಮಗು ಇದೆ. ಏನೇನೋ ಒತ್ತಿಬಿಡುತ್ತೆ.”

“ಮಗು ಅಲ್ಲಪ್ಪ, ನಾನು,” ಅಪ್ಪ ತಲೆ ತಗ್ಗಿಸಿದರು. “ಫೋನಲ್ಲಿ ಜಾಗ ಇಲ್ಲ ಅಂತ ಬಂತು, ಅಳಿಸಿಬಿಟ್ಟೆ. ಅದರಲ್ಲಿ ಇವಳಮ್ಮ ಹಾಡಿದ್ದೂ ಇತ್ತು. ಮತ್ತೆ ಹಾಡ್ಸೋಣ ಅಂದ್ರೆ ಅವಳೇ ಇಲ್ಲ.”

ಮೈಯೆಲ್ಲ ಕಿವಿಯಾಗಿದ್ದ ಟೈಲರಮ್ಮ, ಕೇಳಿಸಿಯೇ ಇಲ್ಲದವಳಂತೆ ಚಾರ್ಜರಿನ ವೈರು ಸುತ್ತತೊಡಗಿದಳು.

ಮಗಳು ಬಿಲ್ ಮಾಡಿಸಿ, ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅಪ್ಪ ಹಿಂದೆಯೇ ಹೋಗುತ್ತ ಮಗಳನ್ನು ಕೇಳಿದರು:

“ಉಳಿದದ್ದನ್ನ ನೋಡೋಕಾದ್ರೂ ಬಿಡುತ್ತೆ ಅಲ್ವೇನಮ್ಮ, ಆ ಪೆಟ್ಟಿಗೆ?”