ಆಲ್ಸೀದ್ ಮಾವನ ಕೈರುಚಿ

ಕಟ್ಟುಕತೆ ಅಂದುಕೊಳ್ಳಬೇಡಿ. ಇದು ನಮ್ಮ ಪಕ್ಕದ ಮನೆಯ ದೆಲ್ಫೀಸ್‌ಗೇ ಆದದ್ದು. ಕ್ವಿಬೆಕ್‌ನ ಈ ಬೋಸ್ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ... ಊಟದ ಹೊತ್ತಿನಲ್ಲಿ ಮಾತ್ರ ಕೇಳಬೇಡಿ.

ಆ ರಾತ್ರಿ ದೆಲ್ಫೀಸ್ ಮತ್ತು ಅವನ ತಾಯಿ ಅಜಿಲ್ಡಾ ಲಾಟೀನು ಹಿಡಿದು, ಹಳೇ ಬಾವಿ ದಾಟಿ, ಮೇಪಲ್ ತೋಪಿನೊಳಗೆ ನಡೆದರು. ಕಾಲಡಿ ಹಿಮ ಕರಕ್... ಕರಕ್... ಎನ್ನುತ್ತಿತ್ತು. ತೋಪಿನ ನಡುವೆ ಮೇಪಲ್ ಮರದ ರಸ ಕುದಿಸಿ ಸಿಹಿ ಪಾಕ ಕಾಯಿಸುವ ಗುಡಿಸಲು. ಅದು ಅಜಿಲ್ಡಾಳ ಅಣ್ಣ ಆಲ್ಸೀದನದು. ಹೋದ ಚಳಿಗಾಲದಲ್ಲಿ ಅವನು ಅಲ್ಲೇ ಸತ್ತಿದ್ದ. ಬಾಯಲ್ಲಿ ಮೂರೇ ಹಲ್ಲು, ಹಗಲೂ ರಾತ್ರಿ ತಂಬಾಕು. ಉಗುಳುವುದಕ್ಕೆ ಜಾಗ ನೋಡುವವನೇ ಅಲ್ಲ, ಕೊಳಕ.

ಮರುದಿನ, ದೆಲ್ಫೀಸ್ ಮದುವೆಗೆ ಕೇಳಿದ್ದ ಹುಡುಗಿಯ ಅಪ್ಪ ಒನೆಸೀಮ್ ಪಾಕದ ರುಚಿ ನೋಡಲು ಬರುವವನಿದ್ದ. ನೆಟ್ಟಗೆ ಪಾಕ ಕಾಯಿಸಲು ಬಾರದವನಿಗೆ ಮಗಳು ಜೆಲಿಯಾಳನ್ನು ಕೊಡುವುದಿಲ್ಲವೆಂದು ಚರ್ಚಿನ ಮುಂದೆ ನಾಲ್ಕು ಜನರೆದುರಿಗೇ ಹೇಳಿದ್ದ.

ಒಲೆ ಹೊತ್ತಿತು. ಮರದ ರಸ ಕೊತಕೊತ ಕುದಿಯಿತು. ಹೊರಗೆ ಹಿಮ ಬೀಳುತ್ತಿದೆಯೆಂದು ದೆಲ್ಫೀಸ್ ಸೂರಿನ ಕಿಂಡಿ ತೆರೆದಿರಲಿಲ್ಲ. ಅದೇ ತಪ್ಪು. ಹಬೆ ಹೊರಗೆ ಹೋಗದೆ ಮಸಿ ಹಿಡಿದ ತೊಲೆಗಳಿಗೆ ಅಡರಿ, ನೀರಾಗಿ, ಕಪ್ಪಗೆ ತೊಟ್ಟಿಕ್ಕತೊಡಗಿತು. ಟಪ್... ಟಪ್... ಕಡಾಯಿಯೊಳಕ್ಕೇ.

"ಕಿಂಡಿ ತೆಗಿಯೋ, ಪೆದ್ದೇ!" ಅಜಿಲ್ಡಾ ಪಿಸುಗುಟ್ಟಿದಳು.

ಹಗ್ಗ ಎಳೆದ. ಕಿರ್ರ್... ಹಬೆಯೆಲ್ಲ ಸುಯ್ಯೆಂದು ಮೇಲೆ ಹೋಯಿತು. ಏಣಿ ಹತ್ತಿ ತೊಲೆಗಳನ್ನು ಒರೆಸಿದ. ಒಣಗಿದವು. ಹನಿ ನಿಂತಿತು.

ಪಚ್...

ಇದು ಹನಿಯ ಸದ್ದಲ್ಲ. ಕಂದು ಬಣ್ಣದ್ದು, ಲೋಳೆಲೋಳೆಯಾದದ್ದು ಏನೋ ಬಿದ್ದು ನೊರೆಯ ಮೇಲೆ ಗಿರ್ರನೆ ತಿರುಗಿತು. ಹಳಸಿದ ತಂಬಾಕಿನ ನಾತ. ದೆಲ್ಫೀಸ್ ಮೂಗು ಮುಚ್ಚಿಕೊಂಡ. ಮೇಲೆ ನೋಡಿದ. ತೊಲೆ ಒಣಗಿಯೇ ಇತ್ತು. ಯಾರೂ ಇಲ್ಲ.

ಆಮೇಲೆ ಯಾರೋ ಗಂಟಲಾಳದಿಂದ ಕ್ಯಾಕರಿಸಿದ ಸದ್ದು... ಮತ್ತೆ ಪಚ್...

"ಅಮ್ಮಾ... ಕೇಳಿಸ್ತಾ?"

"ಹೂಂ."

"ಮಾವ...?"

"ಹೆಸರು ಎತ್ತಬೇಡ."

"ಥೂ! ಎಲ್ಲಾ ಚೆಲ್ಲಿಬಿಡ್ತೀನಿ."

"ಚೆಲ್ಲಿ? ನಾಳೆ ಜೆಲಿಯಾ ಅಪ್ಪನಿಗೆ ಏನು ಕೊಡ್ತೀಯ, ಬರೀ ಹಿಮಾನಾ? ಚಳಿಗೆ ಮರಗಳೆಲ್ಲ ಸೆಟೆದು ಕೂತಿವೆ, ಬೇರೆ ರಸ ಎಲ್ಲಿಂದ ತರ್ತೀಯ...? ಬಾಯಿಮುಚ್ಚಿ ಸೋಸು."

ಸೋಸಿದ. ಉಣ್ಣೆಬಟ್ಟೆಯಲ್ಲಿ ಎರಡು ಸಲ, ಎರಡು ಸಲವೂ ಓಕರಿಸುತ್ತ. ಬಟ್ಟೆಯೊಳಗೆ ಏನಿದೆಯೆಂದು ನೋಡದೆ ಮುದುರಿ ಹೊರಗೋಡೆಯ ಮೊಳೆಗೆ ನೇತುಹಾಕಿದ. ಪಾಕ ಮಾತ್ರ ಅಪ್ಪಟ ಹೊಂಬಣ್ಣ. ಅದನ್ನು ನೋಡಿ ಅವನಿಗೆ ಇನ್ನಷ್ಟು ಅಸಹ್ಯವಾಯಿತು.

ಒನೆಸೀಮ್ ಬಂದ. ಹಿಮದ ಮೇಲೆ ಸುರಿದ ಬಿಸಿ ಪಾಕ ಅಂಟಾದಾಗ ಕಡ್ಡಿಗೆ ಸುತ್ತಿ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಗಡ್ಡಕ್ಕೆಲ್ಲ ಬಳಿದುಕೊಂಡು ಇನ್ನೊಂದು ತಿಂದ, ಮತ್ತೊಂದು ತಿಂದ. ಕಡ್ಡಿಯನ್ನೂ ಚೀಪಿದ.

"ಅಬ್ಬಾ! ಥೇಟ್ ಆಲ್ಸೀದನ ಕೈರುಚಿ ಕಣೋ! ಮೂವತ್ತು ವರ್ಷ ತಿಂದಿದೀನಿ, ನನಗೆ ಗೊತ್ತಾಗಲ್ವಾ? ಅವನ ಜೊತೆಗೇ ಮಣ್ಣಾಯ್ತು ಅಂದ್ಕೊಂಡಿದ್ದೆ. ಅದ್ಹೆಂಗೆ ಬರಿಸಿದೆಯೋ, ಅಳಿಯಾ?"

ದೆಲ್ಫೀಸ್ ತಾಯಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಮೂವತ್ತು ವರ್ಷ! ಊರಿಗೆ ಊರೇ ತಿಂದಿದೆ. ಈ ಕತೆ ಹೇಳುತ್ತಿರುವ ನಾನೂ ತಿಂದಿದ್ದೇನೆ, ಥೂ...

ಮದುವೆಯೇನೋ ಆಯಿತು. ಆದರೆ ದೆಲ್ಫೀಸ್ ಇವತ್ತಿಗೂ ಪಾಕ ಮುಟ್ಟುವುದಿಲ್ಲ. ನಂಬದಿದ್ದರೆ ಬಿಡಿ. ಒನೆಸೀಮ್ ಪಾಕ ತಿಂದುಹೋದ ಸಂಜೆ ದೆಲ್ಫೀಸ್ ಆ ಸೋಸುಬಟ್ಟೆ ಬಿಚ್ಚಿದಾಗ ಪಕ್ಕದಲ್ಲಿ ನಾನೇ ನಿಂತಿದ್ದೆ. ಹೊರಗಿನ ಚಳಿಗೆ ಬಟ್ಟೆ ಹಲಗೆಯಂತೆ ಸೆಟೆದಿತ್ತು. ಒಳಗೆ ಅಗಿದ ತಂಬಾಕಿನ ಉಂಡೆಯೊಂದು. ಅದಿನ್ನೂ ಬೆಚ್ಚಗಿತ್ತು. ಮೇಲೆ ಹಲ್ಲಿನ ಗುರುತು... ಮೂರೇ ಮೂರು.